ಬದಲಿಗೆ ಒಂದು ಗುಟುಕು

‘ಸಾವಿರದ ಒಂಬೈನೂರ ನಲವತ್ತೊಂದು, ಫೆಬ್ರವರಿ ಹದಿನೈದು, ಶನಿವಾರ. ಬೆಳಗಿನಿಂದ ಮಂಜು. ಕೇಕಿಗೆ ಸಕ್ಕರೆ ಸಾಲದೆ ಪಕ್ಕದ ಮನೆಯಿಂದ ತಂದೆ. ರಾತ್ರಿ ಹಡಗಿನಲ್ಲಿ ಬೆಂಕಿ.’

ಇಷ್ಟೇ. ನೋಡಿದ್ಯಾ? ಇಷ್ಟೇ ಬರೆದಿರೋದು. ನಾನು ಆಗಲೇ ಹೇಳಲಿಲ್ವಾ, ನನ್ನ ಡೈರೀಲಿ ನಿನಗೆ ಬೇಕಾದ್ದು ಏನೂ ಸಿಗಲ್ಲ ಅಂತ... ಯಾಕೆ ನಗ್ತೀಯ? ಸಕ್ಕರೆಗಾ? ಹೂಂ, ನಗು ನಗು. ಅವತ್ತು ನನ್ನ ಮಗಳು ಟ್ಯಾಮ್ಸಿನ್‌ಗೆ ಆರು ತುಂಬಿತ್ತು ಕಣಮ್ಮ. ಯುದ್ಧದ ಕಾಲ, ಸಕ್ಕರೆ ರೇಷನ್ನು. ಬೆಳಗ್ಗೆ ಕೇಕಿನ ಚಿಂತೆ, ರಾತ್ರಿ ಬೆಂಕಿಯ ಚಿಂತೆ. ಬಂದ ಕ್ರಮದಲ್ಲೇ ಬರೆದೆ. ಎಕ್ಸೆಟರ್ ಕಾಲೇಜಿನಲ್ಲಿ ನಮಗೆ ಕಲಿಸಿದ್ದೇ ಅದು: ಕಂಡದ್ದು ಬರಿ, ಅನಿಸಿದ್ದು ಬಿಡು. ನಮ್ಮ ಬೀದಿಯಿಂದ ಕಾಲೇಜಿಗೆ ಹೋದ ಮೊದಲನೇ ಹುಡುಗಿ ನಾನು. ಡಾಕ್‌ಯಾರ್ಡಿನ ಬಡಗಿ ಮಗಳು!

ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡತ್ತೆ. ಇಲ್ಲಿ, ಒಲೆ ಹತ್ರ ಕೂತ್ಕೋ. ಏವಿಸ್ ಅಲ್ವಾ ನಿನ್ನ ಹೆಸರು? ಏವಿಸ್ ಲಸ್ಕಮ್. ವಿಲ್ಫ್ ಲಸ್ಕಮ್ ಮಗಳು... ಬ್ರಿಸ್ಟಲ್‌ನಿಂದ ಇಷ್ಟು ದೂರ, ಈ ಛಳೀಲಿ. ನೀನು ಬರೋ ವಿಷಯ ಗೊತ್ತಾದಾಗಿನಿಂದ ಯೋಚನೆ ಮಾಡ್ತಾನೇ ಇದ್ದೀನಿ, ಈ ಹೆಸರಿನ ಹುಡುಗೀನ ನಾನೆಲ್ಲೂ ನೋಡಿದ ಹಾಗಿಲ್ಲವಲ್ಲ ಅಂತ. ಊಟ ಮಾಡ್ಕೊಂಡೇ ಹೋಗಬೇಕು. ಪಾಸ್ಟಿ ಇಟ್ಟಿದ್ದೀನಿ ಒಲೇಲಿ, ಮಾಂಸ ಆಲೂಗಡ್ಡೆ ತುಂಬಿದ ಕಡುಬು, ಇನ್ನೇನು ಆಗತ್ತೆ. ನಿನಗೂ ಒಂದಿದೆ, ಮೂಲೇಲಿ ನಿನ್ನ ‘ಎ’ ಅಕ್ಷರ ಕೂರಿಸಿದ್ದೀನಿ. ಗೊತ್ತಿಲ್ವಾ? ಅಯ್ಯೋ, ಪ್ಲಿಮತ್‌ನಲ್ಲಿ ಹುಟ್ಟಿ ಪಾಸ್ಟಿ ಅಕ್ಷರ ಗೊತ್ತಿಲ್ಲ ಅಂತೀಯಲ್ಲ! ಹಿಟ್ಟಿನ ಬಳ್ಳಿ ಹೊಸೆದು ಯಾರ ಪಾಸ್ಟಿಯೋ ಅವರ ಹೆಸರಿನ ಮೊದಲಕ್ಷರ ಮೂಲೇಲಿ ಅಂಟಿಸೋದು. ಅರ್ಧ ತಿಂದು ಇಟ್ಟರೂ ಯಾರ ಎಂಜಲು ಯಾರಿಗೂ ಹೋಗಬಾರದು. ಇವತ್ತು ಮೂರು: ನಿನಗೊಂದು, ಥಿರ್ಜಾ ಅನ್ನೋ ನನಗೆ ‘ಟಿ’, ನಮ್ಮಣ್ಣ ಅರ್ನೆಸ್ಟ್‌ಗೆ ‘ಇ’. ಮಹಡಿ ಮೇಲಿರ್ತಾನೆ. ಕಾಲು ನೋವು, ಇಳಿಯಲ್ಲ. ಇವರಿಗೆ ಈರುಳ್ಳಿ ಜಾಸ್ತಿ ಆಗಬೇಕು... ಅವನಿಗೆ. ಅಣ್ಣನಿಗೆ.

ಕಿಟಕಿ ತೆಗೀಲಾ? ಬೇಡ? ಸೆಕೆ ಆಗ್ತಿದೆಯಲ್ಲ... ಆಗ್ತಿಲ್ವಾ? ನನಗೆ ಆಗ್ತಿದೆ.

ನೋಡು, ನೀನು ಯಾಕೆ ಇವತ್ತೇ ಬಂದೆ ಅಂತ ನನಗೆ ಗೊತ್ತು. ಸೋಮವಾರ ಚರ್ಚಿಗೆ ಕಲ್ಲುಕುಟಿಗ ಬರ್ತಾನೆ. ಆ ರಾತ್ರಿ ಹಡಗಿನ ಹಿಂದಿನ ತೋಪಿನ ಗೋಪುರದಲ್ಲಿ, ಅಂದ್ರೆ ದೊಡ್ಡ ಫಿರಂಗಿ ಕೂರಿಸಿದ ಉಕ್ಕಿನ ಕೋಣೇಲಿ, ಸತ್ತವರ ಹೆಸರಿನ ಕಲ್ಲು ಸವೆದುಹೋಗಿದೆ, ಮತ್ತೆ ಕೊರೀಬೇಕು. ಯಾರ ಹೆಸರು ಇರಬೇಕು, ಯಾರದ್ದು ಬೇಡ ಅಂತ ಹೇಳೋಳು ಹಡಗಿನ ಸಂಘದ ಕಾರ್ಯದರ್ಶಿ. ಅಂದ್ರೆ ನಾನು. ಹಡಗಿನ ಇತಿಹಾಸ ಬರೆದೋಳೂ ನಾನೇ. ನಾನು ಹೌದು ಅಂದ್ರೆ ನಿಮ್ಮಪ್ಪನ ಹೆಸರು ಕಲ್ಲಿಗೆ ಬರತ್ತೆ. ಇಲ್ಲ ಅಂದ್ರೆ ಅವನು ಇವತ್ತಿಗೂ ಹಡಗು ಬಿಟ್ಟು ಓಡಿಹೋದವನೇ. ಕೋಟು ಬಿಚ್ಚೋಕೆ ಮುಂಚೆ, ನೀನು ಬಾಗಿಲಲ್ಲೇ ನಿಂತು ಕೇಳಿದೆ: ‘ನಮ್ಮಪ್ಪ ಓಡಿಹೋಗಲಿಲ್ಲ, ಆ ರಾತ್ರಿ ಯಾರದೋ ಬದಲಿಗೆ ನಿಂತಿದ್ದ. ಯಾರ ಬದಲಿಗೆ?’ ಅಂತ.

ಹೇಳ್ತೀನಿ. ಹೇಳಲ್ಲ ಅಂದ್ನಾ? ಆದ್ರೆ ಇತಿಹಾಸಕ್ಕೆ ಒಂದು ಕ್ರಮ ಇದೆ. ಹಡಗಿನಿಂದ ಶುರು ಮಾಡೋಣ. ಹಡಗು ಗೊತ್ತಾಗದೆ ನಾವಿಕ ಗೊತ್ತಾಗಲ್ಲ.

ಲಯೊನೆಸ್. ಈ ಕಡಲಲ್ಲಿ ಹಿಂದೆ ಮುಳುಗಿಹೋಯ್ತು ಅನ್ನೋ ಒಂದು ನಾಡಿನ ಹೆಸರು, ಅಜ್ಜಿಯರ ಕಥೇಲಿ ಬರತ್ತೆ. ಯಾವ ಪುಣ್ಯಾತ್ಮ ಇಟ್ಟನೋ! ತೇಲಬೇಕಾದ ಯುದ್ಧನೌಕೆಗೆ ಮುಳುಗಿದ ನಾಡಿನ ಹೆಸರು! ನಾವಿಕರು ಅದನ್ನ ‘ಲಯನೆಸ್’ ಮಾಡಿಕೊಂಡ್ರು, ಹೆಣ್ಣುಸಿಂಹ ಅಂತ. ವಯಸ್ಸಾದ ಮೇಲೆ ಮುದಿಬೆಕ್ಕು ಅಂದ್ರು. ಹದಿಮೂರನೇ ಇಸವೀಲಿ ನೀರಿಗಿಳಿಸಿದಾಗ ನನಗೆ ಎಂಟು ವರ್ಷ, ಅಪ್ಪನ ಹೆಗಲ ಮೇಲೆ ಕೂತಿದ್ದೆ. ಹಡಗು ಜಾರೋ ದಾರಿಗೆ ಪ್ರಾಣಿಗಳ ಕೊಬ್ಬು, ಮೆತ್ತನೆ ಸಾಬೂನು ಮೆತ್ತಿದ್ದರು, ಅದೇ ಅಪ್ಪನ ಕೆಲಸ. ಎಷ್ಟು ತಿಕ್ಕಿದರೂ ವಾಸನೆ ಹೋಗದೆ ಅಮ್ಮ ಅವನಿಗೆ ಬೇರೆ ಹಾಸಿಗೆ ಹಾಕಿದ್ದಳು. ‘ಹಡಗನ್ನೇ ಮದುವೆ ಆಗಿದ್ದಿದ್ರೆ ಆಗ್ತಿತ್ತು’ ಅಂತ ಬೈತಿದ್ದಳು.

ಮೊದಲನೇ ಯುದ್ಧದಲ್ಲಿ ಉತ್ತರದ ಸಮುದ್ರಕ್ಕೆ ಹೋಯ್ತು. ದೊಡ್ಡ ಕಾಳಗ ಅಂತಾರೆ. ಮಂಜಲ್ಲಿ ಕಣ್ಣಿಗೆ ಏನೂ ಕಾಣ್ತಿರಲಿಲ್ಲ, ಗುಂಡು ಹಾರಿಸಿದ್ದೇ ಹಾರಿಸಿದ್ದು, ಒಂದೂ ಯಾರಿಗೂ ತಾಗಲಿಲ್ಲ. ತೋಪು ಅದುರಿದ ಏಟಿಗೆ ತಮ್ಮದೇ ತಟ್ಟೆ ಬಟ್ಟಲು ಅಷ್ಟೂ ಚೂರು. ವಾಪಸು ಬಂದು ಆರು ವಾರ ತಗಡಿನ ಡಬ್ಬದಲ್ಲಿ ಟೀ ಕುಡಿದ್ರಂತೆ. ಬರ್ದಿದೀನಿ, ಅದನ್ನೂ ಬರ್ದಿದೀನಿ. ಸಂಘದ ಗಂಡಸರಿಗೆ ಸಿಟ್ಟು ಬಂತು. ‘ಪೆಂಗೆಲಿ ಅಮ್ಮ, ಬಟ್ಟಲಿನ ವಿಷಯ ತೆಗೀರಿ’ ಅಂದ್ರು. ನಾನು ತೆಗೀಲಿಲ್ಲ. ನಡೆದದ್ದನ್ನ ತೆಗೆಯೋದು ಅಂದ್ರೇನು?

...ಏನು? ಏನೋ ಹೇಳೋಕೆ ಬಂದೆ. ಇಲ್ವಾ? ಸರಿ.

ಆಮೇಲೆ ಮೆಡಿಟರೇನಿಯನ್ ವರ್ಷಗಳು. ನನ್ನ ಗಂಡ ಸಿಲಾಸ್ ಹಡಗಿಗೆ ಸೇರಿದ್ದು ಆಗ, ನಿಮ್ಮಪ್ಪನೂ ಆಗಲೇ. ಇಬ್ಬರೂ ಹಿಂದಿನ ಗೋಪುರದ ತೋಪಿನವರು, ಪಕ್ಕ ಪಕ್ಕ ಜೋಲಿಮಂಚ. ಒಂದು ಗ್ರೀಕ್ ದ್ವೀಪದಲ್ಲಿ ಭೂಕಂಪ ಆಯ್ತು. ಹಡಗಿನ ಒಲೆ ಆರಿಸದೆ ಬ್ರೆಡ್ ಬೇಯಿಸಿ ದೋಣೀಲಿ ದಡಕ್ಕೆ ಸಾಗಿಸಿದ್ರು. ಆ ದೊಡ್ಡ ತೋಪುಗಳು ಇಪ್ಪತ್ತು ವರ್ಷದಲ್ಲಿ ಮಾಡದ ಕೆಲಸ ಆ ಒಲೆಗಳು ಮಾಡಿದ್ವು. ಒಬ್ಬ ಮುದುಕಿ ಬಿಟ್ಟಿ ತಗೊಳ್ಳಲ್ಲ ಅಂತ ಹಟ ಹಿಡಿದು ನಿಮ್ಮಪ್ಪನ ಕಂಕುಳಿಗೆ ಒಂದು ಕೋಳಿ ತುರುಕಿದಳು. ಅವನು ಅದನ್ನ ಕೊಯ್ಯೋಕೆ ಬಿಡಲೇ ಇಲ್ಲ! ಅಡುಗೆಯವನು ಚಾಕು ಹಿಡ್ಕೊಂಡು ಬಂದ್ರೆ ಅಂಗಿಯೊಳಗೆ ಬಚ್ಚಿಡ್ತಿದ್ದನಂತೆ. ತೋಪಿನ ಕೆಳಗೆ ಮೊಟ್ಟೆ ಇಡೋದು ಅದು. ಹೆಸರು ಡಚೆಸ್. ಯಾರಾದರೂ ಮೊಟ್ಟೆ ಕದ್ದರೆ ವಿಲ್ಫ್ ಟೋಪಿ ತೆಗೆದು ಕೋಳಿಗೆ ಕ್ಷಮೆ ಕೇಳ್ತಾನೆ, ‘ಮಹಾರಾಣಿ, ಇವರು ಕಾಡುಜನ’ ಅಂತ. ಸಿಲಾಸ್ ಅದನ್ನ ಹೇಳುವಾಗ ಈಗಲೂ ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಾರೆ... ನಗ್ತಿದ್ರು. ನಗ್ತಿದ್ರು.

ನಿನಗೆ ಗೊತ್ತೇ ಇರಲಿಲ್ವಾ ಕೋಳಿ ವಿಷಯ? ಅಮ್ಮ ಹೇಳಿರಲಿಲ್ವಾ? ಕಣ್ಣೊರೆಸಿಕೋ. ಇಗೋ, ಈ ಬಟ್ಟೆ ತಗೋ, ಒಗೆದದ್ದೇ. ಟೀ ಹಾಕ್ತೀನಿ. ನೀರು ಕಾಯ್ತಾನೇ ಇಲ್ಲವಲ್ಲ... ಓ, ಗ್ಯಾಸೇ ಹಚ್ಚಿಲ್ಲ. ನೋಡು ನನ್ನ ತಲೆ.

ಏನು ಹೇಳ್ತಿದ್ದೆ? ಹಡಗಿನ ಪದ್ಧತಿ. ಅದು ಮುಖ್ಯ. ಸಮುದ್ರದಲ್ಲಿ ಯಾರೂ ಗಡಿಯಾರ ನೋಡಲ್ಲ, ಗಂಟೆ ಬಾರಿಸ್ತಾರೆ. ಅರ್ಧ ಗಂಟೆಗೆ ಒಂದೊಂದು ಏಟು ಜಾಸ್ತಿ. ಎಂಟು ಏಟಾದ್ರೆ ಒಂದು ಪಾಳಿ ಮುಗೀತು. ಮಧ್ಯಾಹ್ನ ಹನ್ನೆರಡಕ್ಕೆ ಎಂಟು, ಊಟದ ಹೊತ್ತು. ಏಟು ಬೀಳೋದು ಜೋಡಿ ಜೋಡಿಯಾಗಿ: ಟಣ್‌ಟಣ್, ಟಣ್‌ಟಣ್. ನೆಲದ ಮೇಲಿನವನು ಬಾಗಿಲನ್ನ ಹೇಗೆ ಬೇಕಾದ್ರೂ ತಟ್ಟಬಹುದು. ನಾವಿಕ ಮಾತ್ರ ಸಾಯೋವರೆಗೂ ಜೋಡಿಯಾಗೇ ತಟ್ತಾನೆ. ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ.

ಇನ್ನು ರಮ್ಮು. ದಿನಾ ಊಟಕ್ಕೆ ಮುಂಚೆ ಒಬ್ಬೊಬ್ಬನಿಗೂ ಒಂದು ಪಾಲು. ಹಡಗಿನಲ್ಲಿ ಎಲ್ಲಾ ಉಪಕಾರಕ್ಕೂ ಅದೇ ನಾಣ್ಯ. ನಿನ್ನ ಅಂಗಿ ಒಗೆದುಕೊಟ್ಟೆನಾ? ನಿನ್ನ ಪಾಲಿನಲ್ಲಿ ತುಟಿ ಒದ್ದೆ ಮಾಡಿಕೊಳ್ಳುವಷ್ಟು ನನಗೆ. ನಿನ್ನ ಪಾಳಿಗೆ ನಾನು ನಿಂತೆನಾ? ಒಂದು ಗುಟುಕು. ನಿನ್ನ ಪ್ರಾಣ ಉಳಿಸಿದೆನಾ? ಪೂರ್ತಿ, ತಳ ಕಾಣೋವರೆಗೆ. ತುಟಿ, ಗುಟುಕು, ತಳ. ಬರವಣಿಗೆ ಇಲ್ಲ, ಸಾಕ್ಷಿ ಇಲ್ಲ, ಆದ್ರೆ ತಪ್ಪಿದವನ ಜೊತೆ ಯಾರೂ ಕೂತು ಉಣ್ಣಲ್ಲ.

ಹಾಗೆ ಒಬ್ಬನ ಪಾಳಿಗೆ ಇನ್ನೊಬ್ಬ ನಿಲ್ಲೋದಕ್ಕೇ ‘ಬದಲಿ’ ಅನ್ನೋದು. ಮೇಲಿನವರನ್ನ ಕೇಳಿ ನಿಂತರೆ ತಪ್ಪೇನಿಲ್ಲ. ಆ ವಾರ ಹಡಗು ಇಲ್ಲೇ ಡಾಕ್‌ಯಾರ್ಡಿನಲ್ಲಿ ರಿಪೇರಿಗೆ ನಿಂತಿತ್ತು, ತೋಪಿನ ಮದ್ದು ಇಳಿಸ್ತಾ ಇದ್ರು, ಬದಲಿ ಯಾರಿಗೂ ಇಲ್ಲ ಅಂತ ಆಜ್ಞೆ ಆಗಿತ್ತು. ಆದ್ರೂ ಹುಡುಗರು ಒಳಗೊಳಗೇ ಮಾಡ್ಕೋತಿದ್ರು. ಹೇಗೆ ಅಂದ್ರೆ, ಹೊರಗೆ ಹೋಗುವವನ ರಜಾ ಚೀಟಿಯನ್ನ ಗೇಟಿನಲ್ಲಿ ಗುರುತು ಮಾಡ್ತಾರಲ್ಲ, ಆ ಚೀಟಿಗಳನ್ನೇ ಬದಲಾಯಿಸಿಕೊಂಡ್ರೆ ಆಯ್ತು. ಕತ್ತಲಲ್ಲಿ, ಮಂಜಲ್ಲಿ, ಕಾಲರು ಎತ್ತಿಕೊಂಡ್ರೆ ಯಾರ ಮುಖ ಯಾರಿಗೆ ಗೊತ್ತಾಗತ್ತೆ? ಲೆಕ್ಕದಲ್ಲಿ ಹೊರಗಿರೋನು ಒಳಗಿರ್ತಾನೆ, ಒಳಗಿರೋನು...

ನಿನ್ನ ಟೀ ಆರ್ತಾ ಇದೆ.

ಹಾಗೆ ನೋಡಬೇಡ ನನ್ನನ್ನ. ನಿಮ್ಮಪ್ಪನೂ ಹಾಗೆ ಚೀಟಿ ಕೊಟ್ಟಿರಬಹುದು ಅಂತ ನೀನು ಹೇಳ್ತೀಯ. ಇರಬಹುದು! ನಾನೆಲ್ಲಿ ಇಲ್ಲ ಅಂದೆ? ಗೋಪುರದಲ್ಲಿದ್ದವರು ಯಾರೂ ಗುರುತು ಸಿಗೋ ಹಾಗೆ ಉಳಿಯಲಿಲ್ಲ. ಇರಬಹುದು ಅನ್ನೋದನ್ನ ಕಲ್ಲಿಗೆ ಕೊರೆಯೋಕಾಗತ್ತಾ? ಯಾರ ಬದಲಿಗೆ ನಿಂತ ಅಂತ ಗೊತ್ತಾಗದೆ...

ಟಕ್‌ಟಕ್, ಟಕ್‌ಟಕ್... ಅಯ್ಯೋ, ಇವರೊಬ್ಬರು. ಏನಿಲ್ಲ, ಏನಿಲ್ಲ, ಕೂತ್ಕೋ. ನಮ್ಮಣ್ಣ ಕೋಲಿನಿಂದ ನೆಲ ಬಡೀತಾನೆ. ಊಟದ ಹೊತ್ತಾಯ್ತು ನೋಡು, ಹಸಿವು. ಬಂದೆ! ಬಂದೇ ಇರಪ್ಪಾ! ಇನ್ನೂ ಬೆಂದಿಲ್ಲ!

...ಮೇಲೆ ಯಾಕೆ ನೋಡ್ತೀಯ? ಹೇಳಿದ್ನಲ್ಲ. ಅರ್ನೆಸ್ಟ್. ಪೋರ್ಟ್ಸ್‌ಮತ್‌ನಲ್ಲಿ ಬೇಕರಿ ಇಟ್ಟಿದ್ದ. ಬಾಂಬು ಬಿದ್ದು ಎಲ್ಲಾ ಹೋಯ್ತು, ಕಾಗದ ಪತ್ರ ಎಲ್ಲಾ. ಉಟ್ಟ ಬಟ್ಟೇಲಿ ತಂಗಿ ಮನೆಗೆ ಬಂದ. ಆ ಕಾಲದಲ್ಲಿ ಹಾಗೆ ಬಂದವರು ಎಷ್ಟು ಜನ! ಸಮುದ್ರಕ್ಕೆ ಹೋದವನೇ ಅಲ್ಲ, ದೋಣಿ ಹತ್ತಿದರೆ ವಾಂತಿ. ಜೋಡಿ ಜೋಡಿಯಾಗಿ? ಬಡಿದದ್ದಾ? ಇಲ್ಲವಲ್ಲ... ನನಗೆ ಹಾಗೆ ಕೇಳಿಸಲಿಲ್ಲ. ಎಂಟು ಏಟು ಅಂತ ಎಣಿಸಿದ್ಯಾ? ನೀನು ಎಣಿಸ್ತಾ ಕೂತಿದ್ಯಾ! ಅವನಿಗೂ ನನ್ನ ಪುಸ್ತಕ ಓದಿ ಓದಿ ಬಂದಿರಬೇಕು ಅಭ್ಯಾಸ. ನನ್ನ ಪುಸ್ತಕ ಓದಿದವರಿಗೆಲ್ಲ ಬರತ್ತೆ.

ಇರಲಿ. ಆ ರಾತ್ರಿಯ ವಿಷಯ ಹೇಳ್ತೀನಿ, ಅದಕ್ಕೆ ತಾನೇ ಬಂದಿದ್ದು.

ಮದ್ದಿನ ಪೆಟ್ಟಿಗೆ ಸಾಗಿಸ್ತಿದ್ದಾಗ ಎಲ್ಲೋ ಒಂದು ಕಿಡಿ. ಯಾರ ತಪ್ಪು ಅಂತ ಕೊನೆಗೂ ತಿಳೀಲಿಲ್ಲ. ಗೋಪುರದ ಮೇಲಿಂದ ಬೆಂಕಿ ಕೆಳಕ್ಕೆ ಇಳಿಯೋಕೆ ಶುರುವಾಯ್ತು. ಕೆಳಗೆ ಮದ್ದಿನ ಮನೆ. ಅದಕ್ಕೆ ಬೆಂಕಿ ತಗುಲಿದ್ರೆ ಹಡಗಷ್ಟೇ ಅಲ್ಲ, ಡಾಕ್‌ಯಾರ್ಡು, ಈ ಬೀದಿಗಳು, ಅವತ್ತು ಕೇಕು ತಿಂದು ಮಲಗಿದ್ದ ನನ್ನ ಮಗಳು, ನಿಮ್ಮನೇಲಿ ನೀನು, ಯಾರೂ ಉಳೀತಿರಲಿಲ್ಲ. ಒಳಗಿದ್ದವರು ಮುಚ್ಚಳ ಒಳಗಿನಿಂದಲೇ ಬಿಗಿದರು. ನೀರಿನ ಕೀಲಿ ತಿರುಗಿಸಿ ತಾವಿದ್ದ ಜಾಗಕ್ಕೇ ನೀರು ಬಿಟ್ಟುಕೊಂಡರು. ಹಾಗೆ ಉಳಿದದ್ದು ಲಯೊನೆಸ್. ಹಾಗೆ ಉಳಿದದ್ದು ಈ ಊರು. ಮೇಲಿದ್ದವರಿಗೆ ಮಾತಾಡೋ ಕೊಳವೆಯಲ್ಲಿ ಒಂದೇ ಒಂದು ದನಿ ಕೇಳಿಸಿತಂತೆ, ‘ಡಚೆಸ್‌ಗೆ ಕಾಳು ಹಾಕೋದು ಮರೀಬೇಡ್ರೋ’ ಅಂತ.

...ಹೌದು.

ಹೌದು, ಡಚೆಸ್ ಅಂದೆ. ಕೋಳಿ ಹೆಸರೇ. ಆ ಕೋಳಿ ಸತ್ತು ಎಷ್ಟೋ ವರ್ಷ ಆಗಿತ್ತು. ಅದು ಅವರವರಲ್ಲಿ ಒಂದು ತಮಾಷೆ. ಯಾರು ಬೇಕಾದ್ರೂ ಹೇಳಿರಬಹುದು. ಇಡೀ ಗೋಪುರಕ್ಕೆ ಗೊತ್ತಿತ್ತು ಕೋಳಿ ವಿಷಯ... ಪುಸ್ತಕದಲ್ಲಿ? ಇಲ್ಲ, ಅದನ್ನ ಪುಸ್ತಕದಲ್ಲಿ ಹಾಕಿಲ್ಲ. ಎಲ್ಲಾನೂ ಹಾಕೋಕಾಗತ್ತಾ? ಬಟ್ಟಲಿನ ವಿಷಯ ಹಾಕಿದವಳು ಇದನ್ನ ಯಾಕೆ ಹಾಕಲಿಲ್ಲ ಅಂತ ಕೇಳ್ತಿದೆ ನಿನ್ನ ಮುಖ. ಜಾಗ ಇರಲಿಲ್ಲ!

ಮಾರನೇ ದಿನ ಗೇಟಿನಲ್ಲಿ ಹೆಸರು ಅಂಟಿಸಿದ್ರು. ಲೆಕ್ಕದ ಪ್ರಕಾರ ಒಳಗಿದ್ದವರು. ಮೂರನೇ ಹೆಸರು ಸಿಲಾಸ್ ಪೆಂಗೆಲಿ. ಅದನ್ನೂ ಬರ್ದಿದೀನಿ ನೋಡು, ಹದಿನಾರನೇ ತಾರೀಖು: ‘ಗೇಟಿನಲ್ಲಿ ಪಟ್ಟಿ. ಮೂರನೆಯದು ಸಿಲಾಸ್ ಹೆಸರು.’ ಇದರಲ್ಲಿ ಸುಳ್ಳು ಒಂದಕ್ಷರ ಇದೆಯಾ? ಬೇಕಾದ್ರೆ ತಗೋ, ಡೈರಿ ಪೂರ್ತಿ ತಗೊಂಡು ಓದು, ನಾನು ಎಲ್ಲೂ ಸುಳ್ಳು ಬರೆದವಳಲ್ಲ. ವಿಲ್ಫ್ ಲಸ್ಕಮ್ ರಜೆಯ ಮೇಲೆ ಹೊರಗೆ ಹೋದವನು ವಾಪಸು ಬರಲಿಲ್ಲ. ಲೆಕ್ಕದವರು ಕಾದರು, ಕಾದರು, ಆಮೇಲೆ ಹೆಸರಿನ ಮುಂದೆ ಓಡಿಹೋದ ಅಂತ ಹಾಕಿದರು. ಅವರಾದರೂ ಏನು ಮಾಡ್ತಾರೆ? ಚೀಟಿ ಹಾಗೆ ಹೇಳ್ತಿತ್ತು.

ನಿಮ್ಮಮ್ಮ ಹಿಲ್ಡಾ ಮನೆ ಮನೆಗೂ ಬಂದಳು. ಎಲ್ಲಾ ವಿಧವೆಯರ ಮನೆಗೂ. ‘ನಾಳೆ ಒಂದು ಗುಟುಕು ಬರೋದಿದೆ ಅಂತ ಹೇಳಿ ಹೋದ ಕಣ್ರೀ, ಯಾರದೋ ಪಾಳಿಗೆ ನಿಂತಿದ್ದಾನೆ, ನಿಮ್ಮೆಜಮಾನ್ರು ಏನಾದ್ರೂ ಹೇಳಿದ್ರಾ?’ ಅಂತ. ಕೆಲವರು ಬಾಗಿಲು ಹಾಕಿದ್ರು. ಒಬ್ಬಳು ಉಗಿದಳು. ನಾನು ಉಗೀಲಿಲ್ಲ. ನಾನು ಕಪ್ಪು ಬಟ್ಟೆ ಉಟ್ಟು ಬಾಗಿಲಲ್ಲಿ ನಿಂತು, ‘ನನ್ನ ಗಂಡನ ಹೆಸರು ಪಟ್ಟೀಲಿದೆ ತಾಯಿ, ಅವರನ್ನ ಈಗ ಏನು ಅಂತ ಕೇಳಲಿ?’ ಅಂದೆ. ನೀನು ಅವಳ ಕೋಟಿನ ತುದಿ ಹಿಡ್ಕೊಂಡು ನಿಂತಿದ್ದೆ. ನೀಲಿ ಉಣ್ಣೆ ಟೋಪಿ. ಒಂದು ಕಿವಿ ಹೊರಗೆ ಇತ್ತು, ಛಳಿಗೆ ಕೆಂಪಾಗಿತ್ತು...

ಏನು?

ನೋಡಿಲ್ಲ ಅಂದೆ. ಹೌದು, ಈಗ ತಾನೇ ಅಂದೆ. ಮರೆತಿದ್ದೆ, ಈಗ ನೆನಪಾಯ್ತು! ಅರವತ್ತಮೂರು ನನಗೆ, ನೆನಪು ಬರತ್ತೆ ಹೋಗತ್ತೆ. ಮೊಮ್ಮಕ್ಕಳ ಹೆಸರೇ ಅದಲುಬದಲು ಮಾಡ್ತೀನಿ.

ಹಡಗಿನ ಕಥೆ ಮುಗಿಸ್ತೀನಿ. ಮುಗಿಸಿಬಿಡ್ತೀನಿ. ರಿಪೇರಿ ಆಗಿ ಮತ್ತೆ ಹೋಯ್ತು ಲಯೊನೆಸ್. ಅದು ಹೋದ ಮೇಲೆ, ವಸಂತದಲ್ಲಿ, ಊರಿನ ಮೇಲೆ ಬಾಂಬು ಸುರಿದರು. ನಮ್ಮ ಹಳೇ ಬೀದಿ ಪೂರ್ತಿ ಸುಟ್ಟಿತು. ಪಕ್ಕದ ಮನೆ, ಎದುರು ಮನೆ, ಸಕ್ಕರೆ ಕೊಟ್ಟವಳು, ಎಲ್ಲಾ ದಿಕ್ಕಾಪಾಲು. ಟ್ಯಾಮ್ಸಿನ್‌ನ ಬೇರೆ ಮಕ್ಕಳ ಜೊತೆ ಹಳ್ಳಿಗೆ ಕಳಿಸಿದೆ. ನಾನು ಈ ಕಡೆ, ಈ ಗುಡ್ಡದ ಮೇಲಿನ ಮನೆಗೆ ಬಂದೆ. ಇಲ್ಲಿ ಯಾರಿಗೂ ನಮ್ಮ ಗುರುತಿರಲಿಲ್ಲ. ಆಗಲೇ ಅಣ್ಣ ಬಂದದ್ದು, ಗಡ್ಡ ಬಿಟ್ಕೊಂಡು. ಹಡಗು ಮಾತ್ರ ಓಡಾಡ್ತಾನೇ ಇತ್ತು, ಫ್ರಾನ್ಸಿನ ದಂಡೆಗೆ ಹೋಗಿ ಗುಂಡು ಹಾರಿಸಿತು, ಈ ಸಲ ಬಟ್ಟಲು ಒಡೀಲಿಲ್ಲ, ಗೋಡೆಗಳು ಒಡೆದವು. ಯುದ್ಧ ಮುಗೀತು. ನಲವತ್ತೆಂಟರಲ್ಲಿ ಗುಜರಿಗೆ ಹಾಕಿದ್ರು. ಎರಡು ಸಣ್ಣ ದೋಣಿ ಹಗ್ಗ ಕಟ್ಟಿ ಎಳ್ಕೊಂಡು ಹೋದವು, ಮುದಿ ಎಮ್ಮೇನ ಸಂತೆಗೆ ಎಳೆದ ಹಾಗೆ. ಊರೆಲ್ಲ ಡೆವಿಲ್ಸ್ ಪಾಯಿಂಟಿನ ದಿಣ್ಣೆಗೆ ಹೋಗಿ ಕೈ ಬೀಸಿತು. ನಾನೂ ಹೋಗಿದ್ದೆ, ಸಂಘದ ವಿಧವೆಯರ ಸಾಲಿನಲ್ಲಿ ಮುಂದೆ. ಮನೆಗ್ ಬಂದು ನೋಡಿದ್ರೆ ಇವರು ಮಹಡಿ ಕಿಟಕೀಲಿ ನೆಟ್ಟಗೆ ನಿಂತು, ಕೈ ಹಣೆಗಿಟ್ಟು ಸೆಲ್ಯೂಟ್ ಹೊಡ್ಕೊಂಡೇ ಇದ್ದಾರೆ. ಹಡಗು ಕಣ್ಮರೆಯಾಗಿ ಎಷ್ಟೋ ಹೊತ್ತಾಗಿತ್ತು. ಕೈ ಇಳಿಸಿ ಅಂದ್ರೆ ಇಳಿಸೋಕೆ ಬರಲಿಲ್ಲ ಅವರಿಗೆ. ನಾನೇ ಹಿಡಿದು ಇಳಿಸಿದೆ.

ಬೇಕರಿಯವನು ಸೆಲ್ಯೂಟ್ ಹೊಡೀಬಾರದಾ? ಯಾರು ಬೇಕಾದ್ರೂ ಹೊಡೀಬಹುದು ಕಣಮ್ಮ, ಹಡಗಿಗೆ!

ಏನೋ ಸೀದ ವಾಸನೆ. ಅಯ್ಯೋ ಪಾಸ್ಟಿ! ಸರಿ, ಸ್ವಲ್ಪ ಸರಿ, ಕಾಲು ಸುಟ್ಟುಕೋಬೇಡ. ಆ ಬಟ್ಟೆ ಕೊಡಿಲ್ಲಿ. ಸ್... ಅಬ್ಬಾ! ಏನಿಲ್ಲ, ಅಂಚು ಸ್ವಲ್ಪ ಕಪ್ಪಾಗಿದೆ, ಅಷ್ಟೇ. ಈ ಕಡೆ ಇಡ್ತೀನಿ, ಆರಲಿ. ಇದು ನಿಂದು, ‘ಎ’, ನೋಡು ಎಷ್ಟು ಚೆನ್ನಾಗಿ ಬಂದಿದೆ. ಇದು ನನ್ನ ‘ಟಿ’. ಇದು ಅಣ್ಣನ...

...

ಏನ್ ನೋಡ್ತಿದ್ದೀಯ?

ಅದು ‘ಇ’. ಹಿಟ್ಟು ಉಬ್ಬಿದೆ, ಅದಕ್ಕೇ ಹಾಗೆ ಕಾಣತ್ತೆ. ಉಬ್ಬಿ, ಬಳ್ಳಿ ಜಾರಿ, ಹಾಗೆ... ಸುತ್ತಿಕೊಂಡಿದೆ.

ಏವಿಸ್. ಬೆರಳು ತೆಗಿ ಅದರ ಮೇಲಿಂದ, ಬಿಸಿ ಇದೆ.

ಹಾವಿನ ಥರ ಇದೆ ಅಂತ ನನಗೂ ಕಾಣ್ತಿದೆ. ನನಗೂ ಓದೋಕೆ ಬರತ್ತೆ. ‘ಎಸ್’. ‘ಎಸ್’ ಅಂತಲೇ ಇದೆ. ಪ್ರತಿ ಶನಿವಾರ ‘ಇ’ ಹಾಕ್ತೀನಿ ಕಣೇ. ಒಂದು ವಾರವೂ ತಪ್ಪಿದವಳಲ್ಲ. ಟ್ಯಾಮ್ಸಿನ್ ಇದ್ದಾಗಲೂ, ಯಾರೂ ಇಲ್ಲದಾಗಲೂ. ಇವತ್ತು ಬೆಳಗ್ಗೆ ನಿನ್ನ ‘ಎ’ ಹೊಸೀತಾ ಇದ್ದೆ, ವಿಲ್ಫ್ ಮಗಳು ಬರ್ತಾಳೆ, ವಿಲ್ಫ್ ಮಗಳು ಬರ್ತಾಳೆ ಅಂತ ಮನಸ್ಸು ಒಂದೇ ಸಮ ಕುಟ್ಟುತ್ತಾ ಇತ್ತು... ಕೈಗೆ ಯಾರು ಹೇಳಿದ್ರೋ. ಮದುವೆಯಾದ ಹೊಸದರಲ್ಲಿ ಹಾಕ್ತಿದ್ದ ಅಕ್ಷರವನ್ನ ಅದು ಹಾಕಿಬಿಟ್ಟಿದೆ.

ಬೈ ನನಗೆ. ಎದ್ದು ಹೋಗಿಬಿಡು. ಉಗಿ ಬೇಕಾದ್ರೆ. ಹೀಗೆ ತಟ್ಟೆ ನೋಡ್ತಾ ಕೂತ್ಕೋಬೇಡ.

ನನಗೆ ಅಣ್ಣ ಅನ್ನೋನು ಹುಟ್ಟೇ ಇಲ್ಲ.

ಡಾಕಿನಲ್ಲಿ ರಾತ್ರಿ ಹಗಲು ಕಬ್ಬಿಣ ಕುಟ್ಟೋ ಸದ್ದು, ಒಂದು ರಾತ್ರಿ ಮನೇಲಿ ಮಲಗಬೇಕು, ಮಗಳ ಕೇಕು ತಿನ್ನಬೇಕು ಅಂದ್ರಂತೆ ಸಿಲಾಸ್. ವಿಲ್ಫ್ ತನ್ನ ಚೀಟಿ ತೆಗೆದು ಕೊಟ್ಟ. ‘ಹೋಗೋ, ನನ್ನ ಮಗಳು ನಿದ್ದೆ ಮಾಡಿರ್ತಾಳೆ, ನಿನ್ನದು ಕಾಯ್ತಿರ್ತಾಳೆ’ ಅಂದ. ಮಾರನೇ ದಿನ ಸಿಲಾಸ್ ಗೇಟಿಗೆ ಹೋದರು. ಪಟ್ಟೀಲಿ ತಮ್ಮದೇ ಹೆಸರು, ಜೇಬಿನಲ್ಲಿ ವಿಲ್ಫ್ ಚೀಟಿ. ಅಲ್ಲೇ ನಿಂತಿದ್ದು ವಾಪಸು ಬಂದರು. ನಾಳೆ ಹೋಗಿ ಹೇಳ್ತೀನಿ ಅಂದರು. ಮಾರನೇ ದಿನವೂ ನಾಳೆ ಅಂದರು. ಬೂಟು ಹಾಕ್ಕೊಂಡು ಮತ್ತೆ ಬಿಚ್ಚಿ ಇಟ್ಟರು. ಹೋಗಿ ಹೇಳಿದ್ರೆ ಅವರನ್ನ ಇನ್ನೊಂದು ಹಡಗಿಗೆ ಹತ್ತಿಸ್ತಾರೆ ಅಂತ ನನಗೆ ಗೊತ್ತಿತ್ತು. ಚೀಟಿ ಒಲೆಗೆ ಹಾಕಿದವಳು ನಾನು. ನಿಮ್ಮಮ್ಮ ಬಾಗಿಲಿಗೆ ಬಂದಾಗ ಅವರು ಒಳಗಿನ ಕೋಣೇಲಿ ನೆಲದ ಮೇಲೆ ಕೂತಿದ್ದರು, ಬಾಯಿಗೆ ಟವೆಲು ಒತ್ತಿಕೊಂಡು.

ಸೋಮವಾರ ಕಲ್ಲುಕುಟಿಗನಿಗೆ ಹೇಳ್ತೀನಿ. ಮೂರನೇ ಹೆಸರು ತೆಗಿ, ಅದೇ ಜಾಗದಲ್ಲಿ ವಿಲ್ಫ್ರೆಡ್ ಲಸ್ಕಮ್ ಅಂತ ಹಾಕು ಅಂತ. ಕಾರಣ ಕೇಳಿದವರಿಗೆ ಕಾರಣವನ್ನೂ ಹೇಳ್ತೀನಿ. ಈ ತಟ್ಟೆ ಮೇಲಕ್ಕೆ ಹೋಗಬೇಕು. ಮೆಟ್ಟಿಲು ಹತ್ತಿದ ತಕ್ಷಣ ಎಡಕ್ಕೆ. ನಾನು ತಗೊಂಡು ಹೋಗಲಾ, ನೀನು ತಗೊಂಡು ಹೋಗ್ತೀಯಾ... ನೀನೇ ಹೋಗು. ಹೆಸರು ಹಿಡಿದು ಕೂಗು. ಕಿವಿ ಚೆನ್ನಾಗಿಯೇ ಕೇಳಿಸತ್ತೆ ಅವರಿಗೆ.

ಇರು. ಒಂದು ನಿಮಿಷ ಇರು. ಏನೇನು ಹೋಯ್ತು ಅಂತ ನಾನೇ ಹೇಳಿಬಿಡ್ತೀನಿ, ಇದನ್ನ ಎಲ್ಲೂ ಬರೆದಿಟ್ಟಿಲ್ಲ.

ನಿಮ್ಮಪ್ಪನ ಪ್ರಾಣ ಹೋಯ್ತು, ಆಮೇಲೆ ಹೆಸರೂ ಹೋಯ್ತು. ನಿಮ್ಮಮ್ಮ ಊರು ಬಿಟ್ಟಳು, ಓಡಿಹೋದವನ ಹೆಂಡತಿಯಾಗಿಯೇ ಸತ್ತಳು. ನಿನಗೆ ಈ ವಯಸ್ಸಿನವರೆಗೆ ಕೋಳಿಯ ಕಥೆ ಗೊತ್ತಾಗಲಿಲ್ಲ. ಈ ಕಡೆ, ಸಿಲಾಸ್ ಆಮೇಲೆ ಒಂದು ದಿನವೂ ಹಡಗುಗಳಿರೋ ಕಡೆ ಇಳೀಲಿಲ್ಲ. ನಾನು ಪ್ರತಿ ವರ್ಷ ಅವರ ಹೆಸರಿನ ಕೆಳಗೆ ಹೂವಿಟ್ಟು ಬಂದು ಅವರಿಗೇ ಊಟ ಬಡಿಸಿದೆ. ಕಟ್ಟಿಕೊಂಡ ಗಂಡನನ್ನ ನಾಲ್ಕು ಜನರೆದುರು ಅಣ್ಣ ಅಂದೆ. ಹಳ್ಳಿಯಿಂದ ವಾಪಸು ಬಂದ ಮಗಳು ಅಪ್ಪನನ್ನ ಮಾಮ ಅಂದಳು, ಈಗಲೂ ಹಾಗೇ ಅಂತಾಳೆ. ಅವಳಿಗೆ ಗೊತ್ತೋ ಇಲ್ಲವೋ ನಾನು ಕೇಳಿಲ್ಲ.

ಮಾತಾಗಿದ್ದು ಒಂದು ಗುಟುಕು. ಪ್ರಾಣ ಉಳಿಸಿದ್ದಕ್ಕೆ ತಳದವರೆಗೆ ಕೊಡಬೇಕು. ಭಾನುವಾರ ಮಧ್ಯಾಹ್ನ ಕೊಡೋದು ಅಂತ ಆಗಿತ್ತು. ಕೊಡಲಿಲ್ಲ.